112 ಒತ್ತಿದರೆ ಫೋನ್ ಎತ್ತುವುದು ಯಾರು? ಚಿಕ್ಕ ನಂಬರ್‌ಗಳ ಹಿಂದಿನ ದೊಡ್ಡ ಲೆಕ್ಕ

ಮಳೆಗಾಲದ ರಾತ್ರಿ. ಕುಂಜತ್ತೂರಿನ ಒಂದು ಓಣಿಯಲ್ಲಿ ಮರದ ಕೊಂಬೆ ಮುರಿದು ಕರೆಂಟ್ ತಂತಿ ದಾರಿಗೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಮನೆಯವರು ಮೊಬೈಲ್ ತೆಗೆದು 1912 ಒತ್ತುತ್ತಾರೆ. ಫೋನ್ ಎತ್ತುವುದು ಯಾರು? ಆ ಹೊತ್ತಿಗೆ ಮೊಬೈಲ್ ಹಿಡಿದದ್ದು ಕೇರಳದ ಟವರ್ ಆಗಿದ್ದರೆ ಸಾಮಾನ್ಯವಾಗಿ ಕೆಎಸ್‌ಇಬಿಯವರು. ತಲಪಾಡಿ ಆಚೆಯ ಕರ್ನಾಟಕದ ಟವರ್ ಹಿಡಿದಿದ್ದರೆ ಮೆಸ್ಕಾಂನವರು. ಎರಡು ರಾಜ್ಯಗಳಲ್ಲೂ ವಿದ್ಯುತ್ ದೂರಿನ ನಂಬರ್ ಒಂದೇ, 1912. ಆದರೆ ಮೆಸ್ಕಾಂನ ಲೈನ್‌ಮನ್ ಕುಂಜತ್ತೂರಿನ ಕಂಬ ಹತ್ತುವ ಹಾಗಿಲ್ಲ. ಕೆಎಸ್‌ಇಬಿಯವರಿಗೆ ವಿಷಯವೇ ಗೊತ್ತಾಗಿಲ್ಲ. ತಂತಿ ದಾರಿಯಲ್ಲೇ ಬಿದ್ದಿರುತ್ತದೆ.

ಇದು ಬರೀ ಕರೆಂಟಿನ ಮಾತಲ್ಲ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳ, ಮಕ್ಕಳ ಸಹಾಯವಾಣಿ, ಸೈಬರ್ ವಂಚನೆಯ ದೂರು ಎಲ್ಲವೂ ಇವತ್ತು ಮೂರು, ನಾಲ್ಕು ಅಥವಾ ಐದು ಅಂಕಿಗಳ ಚಿಕ್ಕ ನಂಬರ್‌ಗಳ ಮೇಲೆ ನಿಂತಿವೆ. ನಂಬರ್ ದೇಶಕ್ಕೆಲ್ಲ ಒಂದೇ. ಅದರ ಹಿಂದೆ ಕೂತವರು ಮಾತ್ರ ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಡಿಯಿಂದ ದೂರ ಇರುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮಂಜೇಶ್ವರ, ಉಪ್ಪಳ, ವರ್ಕಾಡಿ, ಪೈವಳಿಕೆಯವರಿಗೆ ಅದೇ ವ್ಯತ್ಯಾಸ ಕೆಲವೊಮ್ಮೆ ಜೀವದ ಪ್ರಶ್ನೆ.

ಒಂದರಿಂದ ಶುರುವಾಗುವ ಬೀದಿ

ಭಾರತದಲ್ಲಿ ಯಾವ ನಂಬರ್ ಯಾವ ಕೆಲಸಕ್ಕೆ ಎಂದು ತೀರ್ಮಾನಿಸುವುದು ಕೇಂದ್ರದ ದೂರಸಂಪರ್ಕ ಇಲಾಖೆ. ಈಗಿನ ವ್ಯವಸ್ಥೆಯ ಬುನಾದಿ 2003ರ ರಾಷ್ಟ್ರೀಯ ನಂಬರಿಂಗ್ ಯೋಜನೆ. ಇದರಲ್ಲಿ ಮೊದಲ ಅಂಕಿಯೇ ದಾರಿ ತೋರಿಸುವ ಬೋರ್ಡ್. 0 ಒತ್ತಿದರೆ ಬೇರೆ ಊರಿನ ಲ್ಯಾಂಡ್‌ಲೈನಿಗೆ, 00 ಒತ್ತಿದರೆ ಹೊರದೇಶಕ್ಕೆ. 6, 7, 8, 9ರಿಂದ ಶುರುವಾಗುವ ಹತ್ತು ಅಂಕಿಯದ್ದು ಮೊಬೈಲ್. 1ರಿಂದ ಶುರುವಾದರೆ ಅದು ವಿಶೇಷ ಸೇವೆ. 100, 101, 108, 112, 139, 1098, 1930, 14416 ಎಲ್ಲ ಇದೇ ಬೀದಿಯ ಅಂಗಡಿಗಳು. ಕಂಪೆನಿಗಳ 1800ರ ಟೋಲ್ ಫ್ರೀ ನಂಬರ್‌ಗಳೂ ಈ ಬೀದಿಯವೇ.

ಈ ಬೀದಿ ಉದ್ದವಿಲ್ಲ. ಲೆಕ್ಕ ಸುಲಭ. 1ರಿಂದ ಶುರುವಾಗುವ ಮೂರಂಕಿಯ ನಂಬರ್‌ಗಳು 100ರಿಂದ 199ರವರೆಗೆ ಒಟ್ಟು 100 ಮಾತ್ರ. ಅದರಲ್ಲಿ ಒಂದನ್ನು ಯಾರಿಗಾದರೂ ಕೊಟ್ಟರೆ ಅದರಿಂದ ಶುರುವಾಗುವ ಉದ್ದದ ನಂಬರ್‌ಗಳೆಲ್ಲ ಸತ್ತ ಹಾಗೆ. 112 ಇರುವವರೆಗೆ 1120ರಿಂದ 1129ರ ತನಕದ ಹತ್ತು ನಾಲ್ಕಂಕಿಯ ನಂಬರ್ ಯಾರಿಗೂ ಕೊಡುವ ಹಾಗಿಲ್ಲ. ಯಾಕೆಂದರೆ ಮೂರನೇ ಅಂಕಿ ಒತ್ತುವಾಗಲೇ ಎಕ್ಸ್‌ಚೇಂಜ್ ಕರೆಯನ್ನು ಕಳಿಸಿಬಿಡುತ್ತದೆ. ತಿರುಗುಮುರುಗಾಗಿ, 1930 ಇರುವವರೆಗೆ 193 ಎಂಬ ಮೂರಂಕಿಯ ನಂಬರ್ ಯಾವ ಇಲಾಖೆಗೂ ಸಿಗದು. ಮೂರಂಕಿಯ ನಂಬರ್ ಎಂದರೆ ಪೇಟೆಯ ಸರ್ಕಲ್‌ನಲ್ಲಿರುವ ಮೂಲೆ ಅಂಗಡಿ. ಒಬ್ಬರಿಗೆ ಕೊಟ್ಟರೆ ಹಿಂದಿನ ಹತ್ತು ಕೋಣೆಗೂ ಬೀಗ ಬೀಳುತ್ತದೆ.

ಅದಕ್ಕೇ ಹೊಸ ಸೇವೆಗಳ ನಂಬರ್ ಉದ್ದವಾಗುತ್ತಾ ಬಂದಿರುವುದು. ಹಳೆಯ ಸೇವೆಗಳಿಗೆ ಮೂರಂಕಿ ಸಿಕ್ಕಿತು. ಆಮೇಲೆ ಬಂದವರಿಗೆ ನಾಲ್ಕಂಕಿ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸೇವೆಗೆ ಸಿಕ್ಕಿದ್ದು ಐದಂಕಿಯ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಿರಿಯ ನಾಗರಿಕರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100, ಮಾದಕ ವ್ಯಸನ ಬಿಡಿಸುವ ಸಹಾಯಕ್ಕೆ 14446. ಸೇವೆ ಒಳ್ಳೆಯದೇ. ಆದರೆ ಗಾಬರಿಯಲ್ಲಿರುವ ಒಬ್ಬ ಉಮ್ಮನಿಗೆ ಐದಂಕಿ ನೆನಪಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

100ರಿಂದ 112ಕ್ಕೆ

ತುರ್ತು ಕರೆಗೆ ಒಂದೇ ಚಿಕ್ಕ ನಂಬರ್ ಎಂಬ ಯೋಚನೆ ಹಳೆಯದು. 1937ರಲ್ಲಿ ಲಂಡನ್‌ನಲ್ಲಿ 999 ಶುರುವಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರಲ್ಲಿ. ಭಾರತದಲ್ಲಿ ಮಾತ್ರ ಪೊಲೀಸಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 102 ಎಂದು ಇಲಾಖೆಗೊಂದು ನಂಬರ್ ಉಳಿದುಕೊಂಡಿತು. 2005ರಲ್ಲಿ ಹೈದರಾಬಾದಿನಿಂದ 108 ಆಂಬುಲೆನ್ಸ್ ಶುರುವಾಗಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ಕರ್ನಾಟಕದಲ್ಲಿ 2008ರಲ್ಲಿ ‘ಆರೋಗ್ಯ ಕವಚ’ ಎಂದಾಯಿತು. ಕೇರಳದಲ್ಲಿ 2019ರಲ್ಲಿ ‘ಕನಿವ್ 108’ ಎಂಬ ಹೆಸರಿನಲ್ಲಿ ರಾಜ್ಯವಿಡೀ ವ್ಯಾಪಿಸಿತು.

ಬದಲಾವಣೆಗೆ ಕಾರಣವಾದದ್ದು 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣ. ತೊಂದರೆಗೆ ಸಿಲುಕಿದವರು ಯಾವ ನಂಬರಿಗೆ ಕರೆ ಮಾಡಬೇಕು ಎಂಬ ಪ್ರಶ್ನೆ ಆಗ ಇಡೀ ದೇಶದ ಮುಂದೆ ಬಂತು. 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 112 ಒಂದೇ ತುರ್ತು ನಂಬರ್ ಆಗಲಿ ಎಂದು ಶಿಫಾರಸು ಮಾಡಿತು. ಹಳೆಯ ನಂಬರ್‌ಗಳು ಒಮ್ಮೆಗೇ ಹೋಗುವುದು ಬೇಡ, ಅವನ್ನು ಒತ್ತಿದರೂ ಕರೆ 112ರ ಕಡೆಗೆ ತಿರುಗಲಿ ಎಂದೂ ಹೇಳಿತು. ನಿರ್ಭಯಾ ನಿಧಿಯಿಂದ ಈ ಯೋಜನೆಗೆ 321.69 ಕೋಟಿ ರೂಪಾಯಿ ಮಂಜೂರಾಯಿತು. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಜಾರಿಗೆ ಬಂತು. 2019ರ ಫೆಬ್ರವರಿಯಲ್ಲಿ ಕೇರಳಕ್ಕೂ, ಅದೇ ವರ್ಷ ಅಕ್ಟೋಬರ್ ಕೊನೆಗೆ ಕರ್ನಾಟಕಕ್ಕೂ ಬಂತು.

ಜೊತೆಗೆ ಇನ್ನೊಂದು ನಿಯಮವೂ ಬಂತು. 2017ರ ಜನವರಿ 1ರ ನಂತರ ಮಾರಾಟವಾಗುವ ಪ್ರತಿ ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಇರಬೇಕು. ಕೀಪ್ಯಾಡ್ ಫೋನ್ ಆದರೆ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನ್ ಆದರೆ ಪವರ್ ಬಟನ್ ಅನ್ನು ಬೇಗಬೇಗ ಮೂರು ಸಲ ಒತ್ತುವುದು. ಲಾಕ್ ಆಗಿರುವ ಫೋನಿನಿಂದಲೂ 112ಕ್ಕೆ ಕರೆ ಮಾಡಬಹುದು. ದಿನಾ ಜೇಬಿನಲ್ಲಿಟ್ಟು ತಿರುಗುವ ಫೋನಿನಲ್ಲಿ ಇಷ್ಟೆಲ್ಲ ಇದೆ ಎಂದು ಎಷ್ಟು ಮನೆಯ ಹಿರಿಯರಿಗೆ ಯಾರಾದರೂ ತೋರಿಸಿಕೊಟ್ಟಿದ್ದಾರೆ?

ಒಂದೇ ನಂಬರ್ ಎಂದವರು ನಿಲ್ಲಿಸಲಿಲ್ಲ

112 ಬಂದ ಮೇಲೆ ನಂಬರ್‌ಗಳು ಕಡಿಮೆಯಾಗಬೇಕಿತ್ತು. ಆಗಿದ್ದು ಅರ್ಧ ಮಾತ್ರ. ಕಡಿಮೆ ಮಾಡಿದ ಒಳ್ಳೆಯ ಉದಾಹರಣೆ ರೈಲ್ವೆಯದ್ದು. ಮೊದಲು ವಿಚಾರಣೆಗೆ ಒಂದು, ದೂರಿಗೆ ಇನ್ನೊಂದು, ಭದ್ರತೆಗೆ 182 ಎಂದೆಲ್ಲ ಇತ್ತು. 2020ರಿಂದ ಒಂದೊಂದಾಗಿ 139ಕ್ಕೆ ಸೇರಿಸುತ್ತಾ ಬಂದು 2021ರಲ್ಲಿ 182ನ್ನೂ ಅದರೊಳಗೆ ತಂದರು. ಈಗ ಕಾಸರಗೋಡಿನಲ್ಲಿ ರೈಲು ಹತ್ತಿದವರಿಗೆ ಬೋಗಿಯಲ್ಲಿ ಏನೇ ತೊಂದರೆಯಾದರೂ ನೆನಪಿಡಬೇಕಾದದ್ದು 139 ಒಂದೇ.

ಮಕ್ಕಳ ಸಹಾಯವಾಣಿ 1098ರ ದಾರಿ ಬೇರೆ. 1996ರಲ್ಲಿ ಮುಂಬೈಯಲ್ಲಿ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಜೆರೂ ಬಿಲಿಮೋರಿಯಾ ಅವರು ಶುರು ಮಾಡಿದ ಚೈಲ್ಡ್‌ಲೈನ್ ಇದು. ಸ್ವಯಂಸೇವಾ ಸಂಸ್ಥೆಗಳೇ ಇದನ್ನು ಊರೂರಲ್ಲಿ ನಡೆಸಿದವು. 2023ರಲ್ಲಿ ‘ಮಿಷನ್ ವಾತ್ಸಲ್ಯ’ದಡಿ ಸರಕಾರವೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ನಂಬರ್ ಅದೇ ಉಳಿಯಿತು, ಹಿಂದೆ ಕೂತವರು ಬದಲಾದರು. ಹಣ ಮತ್ತು ಅಧಿಕಾರ ಸರಕಾರದ ಕೈಯಲ್ಲಿದ್ದರೆ ಕೆಲಸ ಗಟ್ಟಿಯಾಗುತ್ತದೆ ಎಂಬುದು ಒಂದು ವಾದ. ಹೆದರಿದ ಮಗು ಪೊಲೀಸ್ ವ್ಯವಸ್ಥೆಯ ಜೊತೆ ಮಾತಾಡಲು ಹಿಂಜರಿಯುತ್ತದೆ ಎಂಬುದು ಇನ್ನೊಂದು ವಾದ. ಎರಡರಲ್ಲೂ ಸತ್ಯವಿದೆ.

ಇನ್ನೊಂದೆಡೆ ಹೊಸ ನಂಬರ್‌ಗಳು ಬರುತ್ತಲೇ ಇವೆ. ಮಹಿಳೆಯರಿಗೆ 181 ಮತ್ತು 1091, ಕೇರಳದಲ್ಲಿ ಪಿಂಕ್ ಪೊಲೀಸಿಗೆ 1515, ಆರೋಗ್ಯ ಸಲಹೆಗೆ ಕೇರಳದಲ್ಲಿ ‘ದಿಶ’ದ 1056, ಕರ್ನಾಟಕದಲ್ಲಿ ಅದೇ ಕೆಲಸಕ್ಕೆ 104. ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದ ದೋಣಿಯವರಿಗೆ ಕೋಸ್ಟ್ ಗಾರ್ಡ್‌ನ 1554, ಗ್ರಾಹಕರ ದೂರಿಗೆ 1915. ಒಂದೊಂದನ್ನೇ ನೋಡಿದರೆ ಎಲ್ಲವೂ ಬೇಕಾದದ್ದೇ. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ 66ರಲ್ಲಿ ದಿನಾ ಓಡಾಡುವವರಿಗೆ 1033 ಗೊತ್ತಿರಬೇಕು, ಮಂಜೇಶ್ವರದಿಂದ ಕಡಲಿಗಿಳಿಯುವವರಿಗೆ 1554 ಗೊತ್ತಿರಬೇಕು. ಒಟ್ಟಿಗೆ ಇಟ್ಟರೆ ಮಾತ್ರ ಅದು ಯಾರ ತಲೆಯಲ್ಲೂ ನಿಲ್ಲದ ಪಟ್ಟಿ.

ಇದು ಯಾಕೆ ಹೀಗೆ? ಹೊಸ ಯೋಜನೆ ಬಂದಾಗ ಉದ್ಘಾಟನೆಗೆ ಒಂದು ನಂಬರ್ ಬೇಕು, ಪೋಸ್ಟರಿಗೆ ಒಂದು ನಂಬರ್ ಬೇಕು. ನಂಬರ್ ಕೊಡುವುದು ಅಗ್ಗ. ಅದರ ಹಿಂದೆ ಹಗಲು ರಾತ್ರಿ ಮೂರು ಪಾಳಿಯಲ್ಲಿ ಜನ ಕೂರಿಸುವುದು, ಗಾಡಿ ಇಡುವುದು, ಭಾಷೆ ಬಲ್ಲವರನ್ನು ನೇಮಿಸುವುದು ದುಬಾರಿ. ಬೋರ್ಡ್ ಹಾಕಿದ ಮಾತ್ರಕ್ಕೆ ಅಂಗಡಿಯಲ್ಲಿ ಸಾಮಾನು ತುಂಬುವುದಿಲ್ಲ. ಒಂದು ಸಲ ಕರೆ ಮಾಡಿ ಯಾರೂ ಎತ್ತದಿದ್ದರೆ ಜನ ಎರಡನೇ ಸಲ ಆ ನಂಬರನ್ನು ನಂಬುವುದಿಲ್ಲ. ಆಮೇಲೆ ಪರಿಚಯದ ಪಂಚಾಯತ್ ಮೆಂಬರಿಗೋ, ಪರಿಚಯದ ಆಂಬುಲೆನ್ಸ್ ಡ್ರೈವರಿಗೋ ಫೋನ್ ಮಾಡುತ್ತಾರೆ. ಗಡಿನಾಡಿನಲ್ಲಿ ಆಗುತ್ತಿರುವುದು ಬಹುಪಾಲು ಇದೇ. ಪರಿಚಯ ಇದ್ದವರಿಗೆ ಸಹಾಯ ಸಿಗುತ್ತದೆ. ಬಾಡಿಗೆ ಕ್ವಾರ್ಟರ್ಸಿನಲ್ಲಿರುವ ಹೊರರಾಜ್ಯದ ಕೂಲಿಯವನಿಗೆ ಯಾರ ಪರಿಚಯ ಇರುತ್ತದೆ? ಚಿಕ್ಕ ನಂಬರ್ ಇರುವುದೇ ಅಂಥವರಿಗಾಗಿ.

ಗಡಿಯಲ್ಲಿ ಕರೆ ದಾರಿ ತಪ್ಪಿದರೆ

ಮೊಬೈಲಿನಿಂದ ಚಿಕ್ಕ ನಂಬರ್ ಒತ್ತಿದಾಗ ಕಂಪೆನಿಯ ಯಂತ್ರ ನೋಡುವುದು ಸಿಮ್ ಯಾವ ರಾಜ್ಯದ್ದು ಎಂದಲ್ಲ, ಕರೆ ಯಾವ ಟವರ್‌ನಿಂದ ಬಂತು ಎಂದು. ಇದು ಸರಿಯಾದ ನಿಯಮವೇ. ಕೇರಳದ ಸಿಮ್ ಇರುವವನು ಹುಬ್ಬಳ್ಳಿಯಲ್ಲಿ ಅಪಘಾತಕ್ಕೆ ಸಿಲುಕಿದರೆ ಹುಬ್ಬಳ್ಳಿಯ ಗಾಡಿಯೇ ಬರಬೇಕಲ್ಲವೇ? ಆದರೆ ಟವರ್‌ಗೆ ಗಡಿ ಕಲ್ಲು ಕಾಣುವುದಿಲ್ಲ. ಗಡಿಯ ಹತ್ತಿರದ ಮನೆಗಳಲ್ಲಿ ಅಂಗಳದಲ್ಲಿ ಒಂದು ರಾಜ್ಯದ ಸಿಗ್ನಲ್, ಅಡುಗೆಮನೆಯಲ್ಲಿ ಇನ್ನೊಂದು ರಾಜ್ಯದ ಸಿಗ್ನಲ್ ಬರುವುದು ಅಲ್ಲಿಯವರಿಗೆ ಹೊಸದಲ್ಲ. ಕೂತಲ್ಲಿಗೇ ‘ಕರ್ನಾಟಕಕ್ಕೆ ಸ್ವಾಗತ’ ಎಂದು ಮೆಸೇಜ್ ಬಂದು ನಕ್ಕವರು ಎಷ್ಟೋ ಮಂದಿ. 112ರ ಕರೆಯಲ್ಲಿ ಅದು ನಗುವ ವಿಷಯವಲ್ಲ.

112ನ್ನು ಪ್ರತಿ ರಾಜ್ಯವೂ ತನ್ನದೇ ಕೇಂದ್ರದಿಂದ ನಡೆಸುತ್ತದೆ. ಕೇರಳದ ಕರೆ ತಿರುವನಂತಪುರದ ಕೇಂದ್ರಕ್ಕೆ ಹೋಗಿ ಅಲ್ಲಿಂದ ಜಿಲ್ಲೆಯ ಕಂಟ್ರೋಲ್ ರೂಮಿಗೆ, ಅಲ್ಲಿಂದ ಹತ್ತಿರದ ಪೊಲೀಸ್ ಗಾಡಿಯ ಪರದೆಗೆ ಬರುತ್ತದೆ. ಕರ್ನಾಟಕದ್ದು ಬೆಂಗಳೂರಿನಲ್ಲಿ. ಅಂದರೆ ರಾಜ್ಯದ ಉತ್ತರ ತುದಿಯ ಮಂಜೇಶ್ವರದಿಂದ ಹೋದ ಕರೆಯನ್ನು ಎತ್ತುವುದು ದಕ್ಷಿಣ ತುದಿಯಲ್ಲಿ ಕೂತವರು. ಅವರಿಗೆ ‘ಹೊಸಂಗಡಿ ರೈಲ್ವೆ ಗೇಟ್ ಹತ್ತಿರ’ ಎಂದರೆ ಚಿತ್ರ ಮೂಡುವುದಿಲ್ಲ. ಗಡಿನಾಡಿನವರು 112ಕ್ಕೆ ಕರೆ ಮಾಡಿದರೆ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಪಂಚಾಯತ್ ಹೇಳಬೇಕು. ‘ಕೇರಳ, ಕಾಸರಗೋಡು ಜಿಲ್ಲೆ, ಮಂಜೇಶ್ವರ ಪಂಚಾಯತ್’ ಎಂದು ಹೇಳಿ ಆಮೇಲೆ ಜಾಗದ ಗುರುತು ಹೇಳಬೇಕು. ಹೆದ್ದಾರಿಯಾದರೆ ಮಂಗಳೂರಿಗೆ ಹೋಗುವ ಬದಿಯೋ ಕಾಸರಗೋಡಿಗೆ ಹೋಗುವ ಬದಿಯೋ ಎಂದು ಹೇಳಬೇಕು. ಕರೆ ತಪ್ಪಿ ಬೆಂಗಳೂರಿಗೆ ಹೋಗಿದ್ದರೆ ಅದು ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ಎರಡನೆಯದು ಭಾಷೆ. ಬ್ಯಾರಿ ಭಾಷೆ ಮಲಯಾಳಕ್ಕೆ ಹತ್ತಿರವಿರುವುದರಿಂದ ಬ್ಯಾರಿ ಮನೆಗಳವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ತುಳು ಮಾತಾಡುವ ಅಜ್ಜಿಗೆ, ಕನ್ನಡ ಶಾಲೆಯಲ್ಲೇ ಕಲಿತ ಮಗುವಿಗೆ ಅದು ಕಷ್ಟ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಹಕ್ಕಿದೆ. ಆ ಕಾನೂನು ಬರೆದ ಕಾಲಕ್ಕೆ ಸರಕಾರದ ಬಾಗಿಲು ಎಂದರೆ ಕಾಗದ, ಅರ್ಜಿ, ಕಚೇರಿ. ಇವತ್ತು ಬಾಗಿಲು ಎಂದರೆ ಫೋನ್. ಅರ್ಜಿ ಕನ್ನಡದಲ್ಲಿ ಬರೆಯುವ ಹಕ್ಕಿರುವವನಿಗೆ ‘ಮನೆಗೆ ಬೆಂಕಿ ಬಿದ್ದಿದೆ’ ಎಂದು ಕನ್ನಡದಲ್ಲಿ ಹೇಳುವ ಹಕ್ಕೂ ಇರಬೇಕಲ್ಲವೇ? ಭಾಷಾ ಅಲ್ಪಸಂಖ್ಯಾತರ ಸಭೆಗಳಲ್ಲಿ ಶಾಲೆ, ಪಠ್ಯಪುಸ್ತಕ, ನೇಮಕಾತಿಯ ಮಾತು ಬರುತ್ತದೆ. ಸಹಾಯವಾಣಿಯ ಮಾತೂ ಬರಬೇಕು.

ಮೂರನೆಯದು ಆಸ್ಪತ್ರೆ. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ದೇರಳಕಟ್ಟೆ, ಮಂಗಳೂರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕರ್ನಾಟಕ ಗಡಿಯನ್ನು ಮುಚ್ಚಿತು, ಕೆಲವು ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಮಂಗಳೂರಿಗೆ ಹೋಗಲಾಗದೆ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗಾಗಿ ದಾರಿ ತೆರೆಸುವಂತೆ ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದರೆ ಗಾಡಿ ಬರುತ್ತಿತ್ತು. ಗಾಡಿ ಮುಂದೆ ಹೋಗುತ್ತಿರಲಿಲ್ಲ. ನಂಬರ್ ಎಂಬುದು ಸರಪಳಿಯ ಮೊದಲ ಕೊಂಡಿ ಮಾತ್ರ ಎಂಬುದನ್ನು ಗಡಿನಾಡು ಬೆಲೆ ತೆತ್ತು ಕಲಿತದ್ದು ಹೀಗೆ.

ಹಣಕ್ಕೆ ಗಡಿ ಇಲ್ಲ: 1930

ರಾಜ್ಯದ ಗಡಿ ದಾಟಿ ಕೆಲಸ ಮಾಡುವ ಹಾಗೆಯೇ ಕಟ್ಟಿದ ಒಂದು ನಂಬರ್ ಇದೆ. ಅದು 1930, ಆನ್‌ಲೈನ್ ಹಣ ವಂಚನೆಯ ದೂರಿಗೆ. 2021ರ ಏಪ್ರಿಲ್‌ನಲ್ಲಿ ಇದು 155260 ಎಂಬ ಆರಂಕಿಯ ನಂಬರ್ ಆಗಿ ಶುರುವಾಯಿತು. ಯಾರಿಗೂ ನೆನಪಿರುತ್ತಿರಲಿಲ್ಲ. ಮರುವರ್ಷ 1930 ಆಯಿತು. ಇದರ ಹಿಂದೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಇದೆ. ಫೋನ್ ಎತ್ತುವುದು ರಾಜ್ಯದ ಪೊಲೀಸರಾದರೂ ದೂರು ದಾಖಲಾಗುವುದು ಇಡೀ ದೇಶದ ಬ್ಯಾಂಕ್‌ಗಳು ಜೋಡಣೆಯಾಗಿರುವ ಒಂದೇ ವ್ಯವಸ್ಥೆಯಲ್ಲಿ.

ಕೆಲಸ ಮಾಡುವ ರೀತಿ ಹೀಗೆ. ಉಪ್ಪಳದ ಒಬ್ಬನ ಖಾತೆಯಿಂದ ಹಣ ಹೋಯಿತು. 1930ಕ್ಕೆ ಕರೆ ಮಾಡಿ ಖಾತೆಯ ವಿವರ, ಎಷ್ಟು ಹಣ, ಎಷ್ಟು ಗಂಟೆಗೆ, ವ್ಯವಹಾರದ ಯುಟಿಆರ್ ನಂಬರ್ ಹೇಳುತ್ತಾನೆ. ಕೂಡಲೇ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲೇ ಇದ್ದರೆ ತಡೆ ಬೀಳುತ್ತದೆ. ಅಲ್ಲಿಂದ ಎರಡನೇ, ಮೂರನೇ ಖಾತೆಗೆ ಹೋಗಿದ್ದರೆ ಸೂಚನೆ ಅದರ ಬೆನ್ನು ಹತ್ತುತ್ತದೆ. ಹಣ ಎಟಿಎಂನಿಂದ ಹೊರಬಿದ್ದರೆ ಮುಗಿಯಿತು. ಹಾಗಾಗಿ ಇಲ್ಲಿ ಆಟ ನಿಮಿಷಗಳದ್ದು. ‘ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಕೇಳೋಣ’ ಎಂದರೆ ಅಷ್ಟೊತ್ತಿಗೆ ಹಣ ನಾಲ್ಕು ರಾಜ್ಯ ಸುತ್ತಿರುತ್ತದೆ. ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

ಇದಕ್ಕೆ ಇನ್ನೊಂದು ಮುಖವಿದೆ. ಅಂಗಡಿ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತು. ವಂಚನೆಯ ಹಣ ಕೈಯಿಂದ ಕೈಗೆ ಹೋಗುತ್ತಾ ಒಬ್ಬ ಗಿರಾಕಿ ಅದರಲ್ಲಿ ಕೆಲವು ನೂರು ರೂಪಾಯಿಯ ಸಾಮಾನು ಕೊಂಡು ಯುಪಿಐ ಮಾಡಿದರೆ ಅಂಗಡಿಯವನ ಖಾತೆಗೂ ಬೀಗ ಬೀಳಬಹುದು. 2023ರಲ್ಲಿ ಕೇರಳದಲ್ಲಿ ಹೀಗೆ ಅನೇಕರ ಖಾತೆಗಳು ಸ್ತಂಭಿಸಿದವು. ಆಗ ಕೇರಳ ಹೈಕೋರ್ಟ್, ಪೊಲೀಸರು ಸಂಶಯಿಸಿದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂಬ ನಿಲುವು ತೆಗೆದುಕೊಂಡಿತು. ಖಾತೆ ನಿಂತುಹೋದ ಸಣ್ಣ ವ್ಯಾಪಾರಿ ಗಾಬರಿಯಾಗುವ ಬದಲು ಬ್ಯಾಂಕಿನಿಂದ ದೂರಿನ ನಂಬರ್, ಯಾವ ರಾಜ್ಯದ ಠಾಣೆ, ಎಷ್ಟು ಮೊತ್ತ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಬಿಲ್ ಪುಸ್ತಕ ಸರಿಯಾಗಿಟ್ಟವನಿಗೆ ಉತ್ತರ ಕೊಡುವುದು ಸುಲಭ.

ಯುವಕರಿಗೆ ಇಲ್ಲಿ ಒಂದು ಕಟು ಮಾತು ಹೇಳಲೇಬೇಕು. ‘ನಿನ್ನ ಖಾತೆ ಎರಡು ತಿಂಗಳಿಗೆ ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಬರುವವರು ಕೇಳುವುದು ವಂಚನೆಯ ಹಣ ದಾಟಿಸುವ ದಾರಿಯನ್ನು. 1930ರ ಬೆನ್ನಟ್ಟುವಿಕೆಯಲ್ಲಿ ಮೊದಲು ಸಿಗುವ ಹೆಸರು ಖಾತೆ ಯಾರದ್ದೋ ಅವನದ್ದು. ಹಿಂದಿರುವವನು ಸಿಗುವುದು ಅಪರೂಪ. ಸಾವಿರಗಳ ಆಸೆಗೆ ಹೋದವನು ಕಂಡೇ ಇರದ ರಾಜ್ಯದ ಕೋರ್ಟಿಗೆ ಅಲೆಯುತ್ತಾನೆ, ಗಲ್ಫ್‌ಗೆ ಹೋಗುವ ಕನಸಿಗೂ ಕಲ್ಲು ಬೀಳುತ್ತದೆ. ಮೇಲಾಗಿ ಆ ಹಣ ಇನ್ಯಾವುದೋ ಮನೆಯ ಮಗಳ ಮದುವೆಗೆ ಇಟ್ಟದ್ದಾಗಿರಬಹುದು. ಹರಾಮ್ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾಗಿಲ್ಲ.

ಗಲ್ಫ್‌ನಲ್ಲಿರುವವರ ಪಾಡು

ಚಿಕ್ಕ ನಂಬರ್ ದೇಶದ ಗಡಿಯನ್ನು ದಾಟುವುದಿಲ್ಲ. ದುಬೈಯಲ್ಲಿ ಕೂತು 1930 ಒತ್ತಿದರೆ ಅದು ಭಾರತಕ್ಕೆ ಬರುವುದಿಲ್ಲ. ಅಲ್ಲಿರುವವರ ಭಾರತದ ಖಾತೆಯಿಂದ ಹಣ ಹೋದರೆ ಕೂಡಲೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಕೊಡಬೇಕು, ಜೊತೆಗೆ ಬ್ಯಾಂಕಿನ ಉದ್ದದ ನಂಬರಿಗೆ ಫೋನ್ ಮಾಡಬೇಕು. ಆ ಉದ್ದದ ನಂಬರನ್ನು ಮೊದಲೇ ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ವಂಚಕರೇ ಹಾಕಿಟ್ಟ ‘ಕಸ್ಟಮರ್ ಕೇರ್’ ನಂಬರ್ ಆಗಿರಬಹುದು.

ಆಯಾ ದೇಶದ ಚಿಕ್ಕ ನಂಬರ್‌ಗಳೂ ಬೇರೆಬೇರೆ. ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998, ಬೆಂಕಿಗೆ 997. ಸೌದಿಯಲ್ಲಿ ರಿಯಾದ್, ಮಕ್ಕಾ ಮತ್ತು ಪೂರ್ವ ಪ್ರಾಂತ್ಯದಲ್ಲಿ ಎಲ್ಲಕ್ಕೂ 911. ಆಂಬುಲೆನ್ಸಿಗೆ ಪ್ರತ್ಯೇಕವಾಗಿ 997. ಅಂದರೆ ಯುಎಇಯಲ್ಲಿ ಬೆಂಕಿಗೆ ಇರುವ ನಂಬರ್ ಸೌದಿಯಲ್ಲಿ ಆಂಬುಲೆನ್ಸಿನದ್ದು. ಕತಾರ್ ಮತ್ತು ಬಹ್ರೈನ್‌ನಲ್ಲಿ 999, ಒಮಾನ್‌ನಲ್ಲಿ 9999, ಕುವೈತ್‌ನಲ್ಲಿ 112. ಹಜ್, ಉಮ್ರಾಕ್ಕೆ ಹೋಗುವ ಹಿರಿಯರ ಕೈಗೆ ಸಿಮ್ ಕೊಡುವಾಗ 911 ಮತ್ತು 997 ಎಂಬ ಎರಡು ನಂಬರ್ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಟ್ಟರೆ ಖರ್ಚೇನೂ ಇಲ್ಲ. ಯುಎಇಯಲ್ಲಿ ಭಾರತೀಯರ ನೆರವಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800-46342 ಇದೆ. ಕಾಸರಗೋಡಿನವರು ಕೇರಳದ ಅನಿವಾಸಿಗಳಾದ್ದರಿಂದ ನೋರ್ಕಾದ ನೆರವೂ ಅವರಿಗಿದೆ. ಭಾರತದೊಳಗಿಂದ ಅದರ ಟೋಲ್ ಫ್ರೀ 1800-425-3939. ಕನ್ನಡದಲ್ಲಿ ಮಾತಾಡುವ ಕಾರಣಕ್ಕೆ ‘ಅದು ಮಲಯಾಳಿಗಳದ್ದು’ ಎಂದು ದೂರ ನಿಲ್ಲುವ ಅಗತ್ಯವಿಲ್ಲ.

ಒಳಗೆ ಬರುವ ಕರೆಯ ಗುರುತು

ನಂಬರ್ ವ್ಯವಸ್ಥೆ ಹೊರಗೆ ಹೋಗುವ ಕರೆಗೆ ಮಾತ್ರವಲ್ಲ, ಬರುವ ಕರೆಯ ಗುರುತಿಗೂ ಇದೆ. ಜಾಹೀರಾತು ಕರೆ ಮಾಡುವ ಕಂಪೆನಿಗಳಿಗೆ 140ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ. ಬ್ಯಾಂಕ್, ವಿಮೆ, ಸರಕಾರಿ ಇಲಾಖೆಗಳ ಸೇವಾ ಕರೆಗೆ 2024ರಿಂದ 1600ರ ಸಾಲು ಬಂದಿದೆ. ಉದ್ದೇಶ ಸರಳ. ಸಾಮಾನ್ಯ ಹತ್ತು ಅಂಕಿಯ ಮೊಬೈಲಿನಿಂದ ಕರೆ ಮಾಡಿ ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ’ ಎನ್ನುವವನ ಮೇಲೆ ಜನರಿಗೆ ಸಂಶಯ ಬರಬೇಕು. ಜಾಹೀರಾತು ಕರೆ ಬೇಡವೆಂದರೆ 1909ಕ್ಕೆ ಹೇಳಬಹುದು. ಇನ್ನು ಕರೆ ಮಾಡಿದವನು ‘ಸ್ಟಾರ್ 401 ಒತ್ತಿ ಆಮೇಲೆ ಈ ನಂಬರ್ ಹಾಕಿ’ ಎಂದರೆ ಕೂಡಲೇ ಫೋನ್ ಇಡಬೇಕು. ಅದು ಬರುವ ಕರೆಗಳನ್ನೆಲ್ಲ ಅವನ ಫೋನಿಗೆ ತಿರುಗಿಸುವ ಆಜ್ಞೆ. ಈ ಮೋಸ ಹೆಚ್ಚಾದ ಕಾರಣ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸಲು ಕಂಪೆನಿಗಳಿಗೆ ಹೇಳಿತು.

ಕೇಳಬೇಕಾದದ್ದು, ಮಾಡಬೇಕಾದದ್ದು

ಗಡಿನಾಡು ಕೇಳಬೇಕಾದದ್ದು ಹೊಸ ನಂಬರನ್ನಲ್ಲ. ಇರುವ ನಂಬರಿನ ಹಿಂದೆ ಮೂರು ವ್ಯವಸ್ಥೆ. ಒಂದು, ತಪ್ಪಾದ ರಾಜ್ಯಕ್ಕೆ ಬಿದ್ದ 112 ಮತ್ತು 108 ಕರೆಯನ್ನು ಕತ್ತರಿಸದೆ ಪಕ್ಕದ ರಾಜ್ಯದ ಕೇಂದ್ರಕ್ಕೆ ಅಲ್ಲೇ ದಾಟಿಸುವ ಏರ್ಪಾಡು. ಹಣದ ಬೆನ್ನು ಹತ್ತುವ ಸೂಚನೆ ಉಪ್ಪಳದಿಂದ ದೆಹಲಿಗೆ ನಿಮಿಷದಲ್ಲಿ ಹೋಗುವುದಾದರೆ, ಗಾಯಗೊಂಡವನ ಕರೆ ಬೆಂಗಳೂರಿನಿಂದ ತಿರುವನಂತಪುರಕ್ಕೆ ಹೋಗದಿರಲು ತಾಂತ್ರಿಕ ಕಾರಣ ಕೊಡುವ ಹಾಗಿಲ್ಲ. ಎರಡು, ಕೇರಳದ ಕೇಂದ್ರದಲ್ಲಿ ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರೊಬ್ಬರು. ಮೂರು, ಎರಡೂ ರಾಜ್ಯದ ಆಂಬುಲೆನ್ಸಿಗೆ ತಲಪಾಡಿ ದಾಟಲು ಯಾವ ಸಂದರ್ಭದಲ್ಲೂ ತಡೆ ಇಲ್ಲ ಎಂಬ ಬರಹದ ಒಪ್ಪಂದ. ಪಂಚಾಯತ್‌ಗಳು ಠರಾವು ಮಾಡಿ ಕಳಿಸಬಹುದಾದ, ಶಾಸಕರು ಸದನದಲ್ಲಿ ಕೇಳಬಹುದಾದ ಪ್ರಶ್ನೆಗಳಿವು.

ಮನೆಯೊಳಗೆ ಮಾಡಬಹುದಾದ ಕೆಲಸಕ್ಕೆ ಯಾರ ಠರಾವೂ ಬೇಡ. ಜೀವಕ್ಕೆ 112, ಮಕ್ಕಳಿಗೆ 1098, ಹಣಕ್ಕೆ 1930 ಎಂದು ಮೂರನ್ನು ಬಾಯಿಪಾಠ ಮಾಡಿಸಿದರೆ ಸಾಕು. ಉಳಿದವು ಫೋನಿನಲ್ಲಿರಲಿ. ಅವುಗಳ ಜೊತೆ ಆಯಾ ಊರಿನ ಪೊಲೀಸ್ ಠಾಣೆ ಮತ್ತು ಕೆಎಸ್‌ಇಬಿ ಸೆಕ್ಷನ್ ಆಫೀಸಿನ ಪೂರ್ತಿ ನಂಬರ್, ಕೆಎಸ್‌ಇಬಿ ಬಿಲ್ಲಿನ 13 ಅಂಕಿಯ ಗ್ರಾಹಕ ಸಂಖ್ಯೆ ಸೇವ್ ಆಗಿರಲಿ. ಪೂರ್ತಿ ನಂಬರಿಗೆ ಟವರ್ ಯಾವುದಾದರೂ ಒಂದೇ, ಕರೆ ತಪ್ಪಿ ಗಡಿಯಾಚೆ ಹೋಗುವುದಿಲ್ಲ. ಮದ್ರಸದ ಗೋಡೆಯಲ್ಲಿ, ಜಮಾಅತ್‌ನ ನೋಟೀಸ್ ಬೋರ್ಡಿನಲ್ಲಿ, ಅಂಗಡಿಯ ಕ್ಯಾಶ್ ಕೌಂಟರ್ ಪಕ್ಕದಲ್ಲಿ ಇವನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಅಂಟಿಸಲು ಒಂದು ಹಾಳೆ, ಸ್ವಲ್ಪ ಅಂಟು ಸಾಕು. ಯುವಕರ ಕ್ಲಬ್ಬುಗಳು ಒಂದು ಭಾನುವಾರ ಮನೆಮನೆಗೆ ಹೋಗಿ ಹಿರಿಯರ ಫೋನಿನಲ್ಲಿ ಪ್ಯಾನಿಕ್ ಬಟನ್ ಎಲ್ಲಿದೆ ಎಂದು ತೋರಿಸಿದರೆ ಅದೂ ಒಂದು ದೊಡ್ಡ ಸೇವೆ.

ಆಟಕ್ಕೆಂದು 112 ಒತ್ತಿ ಇಡುವ ಮಕ್ಕಳಿಗೂ ಒಂದು ಮಾತು ಹೇಳಿಕೊಡಬೇಕು. ಆ ಕೇಂದ್ರದಲ್ಲಿ ಕುರ್ಚಿಗಳು ಎಣಿಸಿದಷ್ಟೇ ಇರುವುದು. ಒಂದು ಖಾಲಿ ಕರೆ ಒಂದು ಕುರ್ಚಿಯನ್ನು ತಡೆದು ನಿಲ್ಲಿಸುತ್ತದೆ, ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಬಿದ್ದವನೊಬ್ಬನ ಕರೆ ಕಾಯುತ್ತಿರಬಹುದು. ಚಿಕ್ಕ ನಂಬರ್ ಯಾರೊಬ್ಬರ ಸ್ವತ್ತೂ ಅಲ್ಲ. ಊರ ಬಾವಿಯ ಹಾಗೆ, ಎಲ್ಲರೂ ಹಗ್ಗ ಇಳಿಸುವ ಜಾಗ. ಅದರಲ್ಲಿ ನೀರಿದೆಯೇ ಎಂದು ಬೇಸಗೆ ಬರುವ ಮೊದಲೇ ಇಣುಕಿ ನೋಡುವುದು ಲೇಸು.